ಇಲ್ಲಿ ಕೂರಬಾರದು

ತುಮಕೂರಿಗೆ ವಿದ್ಯಾನಗರಿ ಎಂಬ ಹೆಸರಿದೆ. ಹೆಸರಿನ ಬಗ್ಗೆ ನಮ್ಮ ರಸ್ತೆಯವರಿಗೆ ಯಾವ ತಕರಾರೂ ಇಲ್ಲ. 'ಮನೆ ಬಾಡಿಗೆಗಿದೆ' ಬೋರ್ಡು ನೇತುಹಾಕುವಾಗ ಅದೇ ಹೆಸರು ಹೇಳಿ ಒಂದು ಸಾವಿರ ಜಾಸ್ತಿ ಕೇಳುತ್ತೇವೆ. ತಕರಾರಿರುವುದು ವಿದ್ಯಾರ್ಥಿಗಳ ಬಗ್ಗೆ. 1963ರಲ್ಲಿ ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜು ಬಂತು, 2004ರಲ್ಲಿ ವಿಶ್ವವಿದ್ಯಾಲಯ ಬಂತು, ಆಮೇಲೆ ಸಂದಿಗೊಂದರಂತೆ ಟ್ಯೂಷನ್ ಬಂತು. ಒಂದೊಂದು ಬಂದಾಗಲೂ ಸೈಟಿನ ರೇಟು ಎಷ್ಟಕ್ಕೇರಿತು ಎಂದು ಬಾಯಿ ಚಪ್ಪರಿಸಿದವರು ನಾವೇ. ಹಾಲು ಬೇಕು, ಎಮ್ಮೆ ಸಗಣಿ ಹಾಕಬಾರದು. ಇಷ್ಟೇ ನಮ್ಮ ಬೇಡಿಕೆ.

ನಮ್ಮ ಮನೆ ಎಸ್.ಎಸ್. ಪುರಂಗೆ ಹೊಂದಿಕೊಂಡ ಅಡ್ಡರಸ್ತೆಯಲ್ಲಿದೆ. ರಸ್ತೆಯ ಒಂದು ತುದಿಗೆ ಹೈಸ್ಕೂಲು, ಇನ್ನೊಂದು ತುದಿಗೆ ಟ್ಯೂಷನ್, ನಡುವೆ ಬ್ಯಾಂಕಿನಿಂದ ನಿವೃತ್ತನಾದ ನಾನು. ಹೈಸ್ಕೂಲು ಬಿಡುವುದು ನಾಲ್ಕೂಕಾಲಿಗೆ, ಟ್ಯೂಷನ್ ಶುರುವಾಗುವುದು ಐದೂವರೆಗೆ. ಗುಬ್ಬಿಯಿಂದ, ಕುಣಿಗಲ್ಲಿನಿಂದ, ನಡುವಿನ ಹಳ್ಳಿಗಳಿಂದ ಬಸ್ಸು ರೈಲು ಹಿಡಿದು ಓದಲು ಬರುವ ಮಕ್ಕಳಿಗೆ ಈ ಒಂದೂಕಾಲು ಗಂಟೆ ಮನೆಗೆ ಹೋಗಿ ಬರಲು ಸಾಲದು, ನಿಂತೇ ಕಳೆಯಲು ಆಗದು. ಹಾಗಾಗಿ ಅವರು ನಮ್ಮ ಮನೆ ಮುಂದಿನ ಕಲ್ಲಿನ ಮೇಲೆ ಕೂರುತ್ತಿದ್ದರು.

ಕಲ್ಲಿನ ಪೂರ್ವಾಪರ ಹೇಳಬೇಕು. ಹಿಂದೊಮ್ಮೆ ರಸ್ತೆ ಅಗೆದಾಗ ಚರಂಡಿ ಮುಚ್ಚಿ ಮಿಕ್ಕಿದ ಒಂದು ಚಪ್ಪಡಿ ದಿಕ್ಕಿಲ್ಲದೆ ಬಿದ್ದಿತ್ತು. ಕೂಲಿಯವರಿಗೆ ಟೀ ಕಾಸು ಕೊಟ್ಟು, ಹೊಂಗೆ ಮರದಡಿ ಎರಡು ಸಿಮೆಂಟಿನ ತುಂಡಿನ ಮೇಲೆ ಅದನ್ನು ಕೂರಿಸಿದೆ. ಬೆಳಗಿನ ಹೊತ್ತು ಪೇಪರು ಹಿಡಿದು, ಬನಿಯನ್ನಿನಲ್ಲಿ ಕೂತು, ದೇಶದ ಸ್ಥಿತಿಗೆ ಮರುಗುವುದಕ್ಕೆ ಅಂತ. ಬೆಳಿಗ್ಗೆ ನಾನು ಕೂತರೆ ಅದು ವಾಯುಸೇವನೆ, ಸಂಜೆ ಅವರು ಕೂತರೆ ಅದು ಸಾರ್ವಜನಿಕ ಅಶಿಸ್ತು. ಈ ವ್ಯತ್ಯಾಸ ನನಗೆ ಬಹಳ ಸ್ಪಷ್ಟವಾಗಿತ್ತು.

ಅಶಿಸ್ತೂ ಇರಲಿಲ್ಲವೆಂದಲ್ಲ. ಒಂದು ಮೊಬೈಲಿನಲ್ಲಿ ಹಾಡು, ಇನ್ನೊಂದರಲ್ಲಿ ಅದೇ ಹಾಡು ಎರಡು ಸಾಲು ಹಿಂದೆ. ಅಮ್ಮನ ಸ್ಕೂಟಿ ತಂದ ಒಬ್ಬ ವೀರ ಮುಂದಿನ ಚಕ್ರ ಎತ್ತಲು ನೋಡಿ, ಹಿಂದಿನ ಚಕ್ರದ ಜೊತೆ ತಾನೂ ಕೂತುಬಿಡುತ್ತಿದ್ದ. ಗೋಬಿ ಗಾಡಿ ಬೇರೆ ಬಂದು ನಿಲ್ಲುತ್ತಿತ್ತು. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದ ಮೇಲೆ ಅದು ಜ್ವರ ಬಂದು ಎದ್ದವರ ಹಾಗೆ ಬಿಳಿಚಿಕೊಂಡಿದ್ದರೂ ಮಕ್ಕಳ ಭಕ್ತಿ ಕಮ್ಮಿಯಾಗಿರಲಿಲ್ಲ. ಯಾರದಾದರೂ ಹುಟ್ಟುಹಬ್ಬವೆಂದರೆ ಮುಗಿಯಿತು. ಕೇಕು ಮುಖಕ್ಕೆ, ಮೊಟ್ಟೆ ತಲೆಗೆ, ನೊರೆ ಸ್ಪ್ರೇ ನಮ್ಮ ಗೇಟಿಗೆ. ಹುಟ್ಟಿದ ತಪ್ಪಿಗೆ ಇಷ್ಟು ಶಿಕ್ಷೆ ಕೊಡುವ ಪದ್ಧತಿ ನಮ್ಮ ಕಾಲದಲ್ಲಿರಲಿಲ್ಲ.

ಪಿಜಿ ನಡೆಸುವ ಮೇಡಂಗೆ ಇದ್ಯಾವುದೂ ದೊಡ್ಡದಾಗಿ ಕಂಡಿರಲಿಲ್ಲ. ಹುಡುಗ ಹುಡುಗಿ ಒಂದೇ ಪ್ಲೇಟಿನಲ್ಲಿ ಗೋಬಿ ತಿನ್ನುತ್ತಾರೆ ಎಂಬುದೇ ಅವರ ಸಂಕಟ. "ಏನು ಗುಸುಗುಸು ಮಾತಾಡ್ತಾರೋ, ನೀವೇ ಹತ್ತಿರ ಇರೋರು, ಸ್ವಲ್ಪ ಕೇಳಿಸಿಕೊಳ್ಳಿ" ಎಂದರು. ಕಿಟಕಿಯ ಪರದೆ ಹಿಂದೆ ನಿಂತು ಕಿವಿಗೊಟ್ಟೆ. ಅವರು ಮಾತಾಡುತ್ತಿದ್ದದ್ದು ತ್ರಿಭುಜಗಳ ಸಮರೂಪತೆಯ ಪ್ರಮೇಯ ಪರೀಕ್ಷೆಗೆ ಬರುತ್ತದೋ ಇಲ್ಲವೋ ಎಂದು. ಅದರಲ್ಲೂ ಅಶ್ಲೀಲವೇನಾದರೂ ಸಿಕ್ಕೀತೇನೋ ಎಂದು ಬಹಳ ಹೊತ್ತು ಕಾದೆ. ಕಾಲು ಹಿಡಿದುಕೊಂಡಿತು.

ಹೀಗಿರುವಾಗ ರಸ್ತೆಯ ಹಿತರಕ್ಷಣೆಗೆ ಒಂದು ಸಮಿತಿ ಹುಟ್ಟಿತು. ಸಭೆ ನಡೆದದ್ದು ನಿವೃತ್ತ ತಹಶೀಲ್ದಾರರ ಮನೆ ಮಹಡಿಯಲ್ಲಿ. 2022ರ ನವೆಂಬರಿನಲ್ಲಿ ಬೆಂಗಳೂರಿನ ಶಾಲೆಗಳಲ್ಲಿ ಮೊಬೈಲು ಹುಡುಕಲು ಮಕ್ಕಳ ಚೀಲ ಜಾಲಾಡಿದಾಗ ಸಿಗರೇಟು, ಲೈಟರು, ಗರ್ಭನಿರೋಧಕ ಎಲ್ಲ ಸಿಕ್ಕಿದ್ದ ಸುದ್ದಿಯ ತುಣುಕನ್ನು ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು. ಗದ್ಗದ ಕಂಠದಲ್ಲಿ ಓದಿದರು. "ಬೆಂಗಳೂರು ಇಲ್ಲಿಂದ ಬರೀ 70 ಕಿಲೋಮೀಟರು, ಇಲ್ಲಿಗೆ ಬರೋದಕ್ಕೆ ಎಷ್ಟು ಹೊತ್ತು?" ಎಂದು ಪಿಜಿ ಮೇಡಂ ನಿಟ್ಟುಸಿರಿಟ್ಟರು. ನೆಲಮಂಗಲದ ಟ್ರಾಫಿಕ್ಕಿನಲ್ಲಾದರೂ ಸ್ವಲ್ಪ ತಡವಾದೀತು ಎಂದು ನಾನು ಸಮಾಧಾನ ಹೇಳಿದೆ. ಯಾರೂ ನಗಲಿಲ್ಲ. ಆ ಮೌನಕ್ಕೆ ಹೆದರಿ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ನನ್ನನ್ನು ಸರ್ವಾನುಮತದಿಂದ ಅಧ್ಯಕ್ಷನನ್ನಾಗಿ ಆರಿಸಿದ್ದರು.

ಅಧ್ಯಕ್ಷನಾದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಟ್ಯೂಷನ್ ನಡೆಯುವುದು ಇದೇ ತಹಶೀಲ್ದಾರರ ಕೆಳಮನೆಯಲ್ಲಿ. ಮೇಡಂ ಪಿಜಿಯಲ್ಲಿ ಮೂವತ್ತು ಹುಡುಗಿಯರು. ಖಜಾಂಚಿಯದು ಜೆರಾಕ್ಸ್ ಅಂಗಡಿ. ಹಾಗಾಗಿ ಸಭೆಯಲ್ಲಿ ಎಲ್ಲರೂ ಒಂದು ಪೀಠಿಕೆ ಹಾಕಿಯೇ ಮಾತಾಡುತ್ತಿದ್ದರು: "ನಮ್ಮ ಹುಡುಗರಲ್ಲ ಇವರು, ಬೇರೆ ಕಡೆಯವರು." ಯಾರಿಗೂ ಸೇರದ ಈ ಬೇರೆ ಕಡೆಯವರನ್ನು ಓಡಿಸುವ ಭಾರ ಯಾವ ವ್ಯಾಪಾರವೂ ಇಲ್ಲದ ನನ್ನ ಹೆಗಲಿಗೆ ಬಿದ್ದದ್ದು ನ್ಯಾಯವಾಗಿಯೇ ಇತ್ತು.

ಮೊದಲು ಉಪದೇಶ ಮಾಡಿ ನೋಡೋಣವೆಂದು ತಹಶೀಲ್ದಾರರನ್ನು ಕರೆದುಕೊಂಡು ಹೋದೆ. ಅವರು ಕ್ಯಾತಸಂದ್ರದ ದಿಕ್ಕಿಗೆ ಕೈಮುಗಿದು ಶುರುಮಾಡಿದರು. "ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಸಾಲಾಗಿ, ಶಿಸ್ತಾಗಿ, ಪ್ರಾರ್ಥನೆಗೆ ಕೂರ್ತಾರೆ. ನೀವು ಹತ್ತು ಹದಿನೈದು ಜನಕ್ಕೆ ಶಿಸ್ತಾಗಿ ಕೂರೋದಕ್ಕೆ ಬರಲ್ವಾ?"

"ಅಲ್ಲಿ ಊಟ ಹಾಕ್ತಾರೆ ಅಂಕಲ್" ಎಂದಿತು ಒಂದು ಧ್ವನಿ, ಬಹಳ ವಿನಯದಿಂದ.

ಆಮೇಲೆ ಸಾಕ್ರಟೀಸ್. ಇಂದಿನ ಯುವಕರು ಹಿರಿಯರಿಗೆ ಮರ್ಯಾದೆ ಕೊಡುವುದಿಲ್ಲ, ಹರಟೆ ಹೊಡೆಯುತ್ತಾರೆ ಎಂದೆಲ್ಲ ಅವನು ಎರಡೂವರೆ ಸಾವಿರ ವರ್ಷದ ಹಿಂದೆಯೇ ಗೋಳಾಡಿದ್ದನೆಂಬ ಸಂದೇಶ ನಮ್ಮ ವಾಟ್ಸಾಪ್ ಗುಂಪಿಗೆ ಶುಭೋದಯದ ಗುಲಾಬಿಯ ಜೊತೆಗೇ ಬರುತ್ತದೆ. ಅದನ್ನು ಖಜಾಂಚಿಯ ಅಂಗಡಿಯಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಿ ಹೊಂಗೆ ಮರಕ್ಕೆ ಅಂಟಿಸಿದೆ. ಸಂಜೆ ಗುಬ್ಬಿಯಿಂದ ಬರುವ ಹತ್ತನೇ ಕ್ಲಾಸಿನ ಎರಡು ಜಡೆಯ ಹುಡುಗಿಯೊಬ್ಬಳು ಅದನ್ನು ಓದಿ, ಮೊಬೈಲಿನಲ್ಲಿ ಏನೋ ತಡಕಿ, ಗೇಟಿನ ಹತ್ತಿರ ಬಂದಳು. "ಅಂಕಲ್, ಇದು ಸಾಕ್ರಟೀಸ್ ಹೇಳಿದ್ದಲ್ಲ. ಕೇಂಬ್ರಿಜ್‌ನಲ್ಲಿ ಓದ್ತಿದ್ದ ಫ್ರೀಮನ್ ಅಂತ ಒಬ್ಬರು ಗ್ರೀಸಿನ ಹಳೇ ದೂರುಗಳನ್ನ ಒಟ್ಟುಮಾಡಿ ತಮ್ಮ ಪ್ರಬಂಧದಲ್ಲಿ ಬರೆದಿದ್ದು. 1907ರಲ್ಲಿ ಪುಸ್ತಕ ಆಗಿದೆ." ಹಾಗೆಂದು ಕೆಂಪು ಪೆನ್ನು ತೆಗೆದು ಸಾಕ್ರಟೀಸನ ಹೆಸರಿಗೆ ಗೆರೆ ಎಳೆದು, ಪಕ್ಕದಲ್ಲಿ ಸೊನ್ನೆ ಸುತ್ತಿ ಹೋದಳು. ವಿದ್ಯಾರ್ಥಿಗಳನ್ನು ಬೈಯಲು ನಾನು ತಂದ ಮಾತು ಒಬ್ಬ ವಿದ್ಯಾರ್ಥಿಯದೇ ಎಂದು ತಿಳಿದು ಸಮಿತಿ ಬಹಳ ನೊಂದುಕೊಂಡಿತು.

ಇನ್ನು ಕಾನೂನೇ ಗತಿ ಎಂದುಕೊಂಡೆ. 2003ರ ತಂಬಾಕು ಕಾಯ್ದೆಯ ಪ್ರಕಾರ ಆಗ ಶಾಲೆಯ ಸುತ್ತ ನೂರು ಗಜದೊಳಗೆ ಬೀಡಿ ಸಿಗರೇಟು ಮಾರುವಂತಿರಲಿಲ್ಲ. ಮೂಲೆಯ ಪೆಟ್ಟಿಗೆ ಅಂಗಡಿ ನೂರು ಗಜದೊಳಗಿದ್ದರೆ ಅದನ್ನು ಎತ್ತಿಸಬಹುದು, ಅಂಗಡಿ ಎದ್ದರೆ ಹುಡುಗರೂ ಏಳುತ್ತಾರೆ ಎಂಬುದು ನನ್ನ ವ್ಯೂಹ. ಅಳೆಯಲು ಮನೆಯಲ್ಲಿದ್ದದ್ದು ಹೆಂಡತಿಯ ರವಿಕೆ ಟೇಪು. ಹೈಸ್ಕೂಲಿನ ಗೇಟಿನಿಂದ ರಸ್ತೆಯುದ್ದಕ್ಕೂ ಬಗ್ಗಿ, ಒಂದೊಂದು ಅಳತೆಗೂ ಸೀಮೆಸುಣ್ಣದ ಗುರುತು ಹಾಕುತ್ತ ಸಾಗಿದೆ. ಹಿಂದೆ ಒಂದು ಮೆರವಣಿಗೆಯೇ ಬರುತ್ತಿತ್ತು. ಮಧ್ಯದಲ್ಲಿ ಎಣಿಕೆ ತಪ್ಪಿ ನಿಂತಾಗ ಮೆರವಣಿಗೆಯೇ ಒಕ್ಕೊರಲಿನಿಂದ ಜ್ಞಾಪಿಸಿತು. ಅಂಗಡಿ ಮುಟ್ಟಿ ಸೊಂಟ ನೆಟ್ಟಗೆ ಮಾಡುವಾಗ ಅಂಗಡಿಯಾತ ಎಲೆಗೆ ಸುಣ್ಣ ಸವರುತ್ತಲೇ ಹೇಳಿದ: "ನೂರು ಗಜ ಅಂದ್ರೆ 91 ಮೀಟರು 44 ಸೆಂಟಿಮೀಟರು ಸಾ. ನಂದು ಅದಕ್ಕಿಂತ ಒಂದು ಮೊಳ ಆಚೆ ಐತೆ. ಅಳತೆ ಮಾಡೇ ಪೆಟ್ಟಿಗೆ ಇಕ್ಕಿರೋದು. ಕೂತ್ಕಳಿ, ಸೋಡಾ ಕುಡೀರಿ." ಸೋಡಾಕ್ಕೆ ದುಡ್ಡು ತಗೊಂಡ.

ಅಷ್ಟಕ್ಕೆ ಬಿಟ್ಟಿದ್ದರೆ ನಾನು ಅಧ್ಯಕ್ಷ ಹೇಗಾದೇನು? ಸ್ಕೂಟಿ ವೀರನನ್ನು ತಡೆದು ನಿಲ್ಲಿಸಿ, ಎಲ್ಲರೂ ಕೇಳುವ ಹಾಗೆ ಮೋಟಾರು ವಾಹನ ಕಾಯ್ದೆ ವಿವರಿಸಿದೆ. 2019ರ ತಿದ್ದುಪಡಿಯಲ್ಲಿ 199ಎ ಎಂಬ ಕಲಂ ಬಂದಿದೆ. ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಇಲ್ಲವೇ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸೂ ಇಲ್ಲ. "ನೀವು ಮಾಡಿದ ತಪ್ಪಿಗೆ ದುಡ್ಡು ಕಟ್ಟೋರು ದೊಡ್ಡೋರು, ನೆನಪಿರಲಿ!" ಎಂದು ಬೆರಳೆತ್ತಿ ಹೇಳಿದೆ. ಗೋಬಿ ಗಾಡಿಯವನು ಸೌಟು ನಿಲ್ಲಿಸಿ ಗಮನವಿಟ್ಟು ಕೇಳಿದ.

ಪರಿಣಾಮವಾಗಲಿಲ್ಲವೆನ್ನಲಾರೆ. ಮರುಸಂಜೆ ಆ ಎರಡು ಜಡೆಯ ಹುಡುಗಿ ಒಂದು ಕಾಗದ ತಂದುಕೊಟ್ಟಳು. ನೋಟ್‌ಪುಸ್ತಕದ ಹಾಳೆ, ಅಂದವಾದ ಅಕ್ಷರ. ಇನ್ನು ಮೇಲೆ ಹಾಡು ಹಾಕುವುದಿಲ್ಲ, ಸ್ಕೂಟಿ ತರುವುದಿಲ್ಲ, ಪ್ಲೇಟು ಬಿಸಾಡುವುದಿಲ್ಲ, ಐದೂವರೆಗೆ ಎದ್ದುಹೋಗುತ್ತೇವೆ, ಕೂರಲು ಬಿಡಬೇಕಾಗಿ ವಿನಂತಿ ಎಂದು ಬರೆದು, ಕೆಳಗೆ ಹನ್ನೊಂದು ಜನರ ಸಹಿ.

ತಗೊಂಡು ಒಳಗಿಟ್ಟಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಆದರೆ ನನ್ನೊಳಗೆ ಮೂವತ್ತು ಚಿಲ್ಲರೆ ವರ್ಷದ ಬ್ಯಾಂಕು ಇತ್ತು. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ಕನ್ನಡಕ ಏರಿಸಿ, ಭಾಷಣವನ್ನೇ ಮಾಡಿದೆ. "ನೀವು ಮೈನರ್‌ಗಳು. 1872ರ ಕರಾರು ಕಾಯ್ದೆ ಪ್ರಕಾರ ಮೈನರ್ ಕರಾರು ಮಾಡೋ ಹಾಗಿಲ್ಲ. 1903ರಲ್ಲಿ ಮೊಹೋರಿ ಬೀಬಿ ಕೇಸಲ್ಲಿ ಪ್ರಿವಿ ಕೌನ್ಸಿಲೇ ಹೇಳಿದೆ, ಮೈನರ್ ಮಾಡಿದ ಕರಾರು ಮೊದಲಿಂದಲೇ ಶೂನ್ಯ ಅಂತ. ಕಲ್ಕತ್ತೆಯಲ್ಲಿ ಒಬ್ಬ ಹುಡುಗ ಮನೆ ಅಡವಿಟ್ಟು ಸಾಲ ತಗೊಂಡಿದ್ದ, ಸಾಲ ಕೊಟ್ಟವನಿಗೆ ಏನೂ ಗಿಟ್ಟಲಿಲ್ಲ. ನಿಮ್ಮ ಸಹಿಗೆ ಮೂರು ಕಾಸಿನ ಬೆಲೆ ಇಲ್ಲ!" ಬ್ಯಾಂಕಿನ ಬಡ್ತಿ ಪರೀಕ್ಷೆಗೆಂದು ಗಟ್ಟಿಮಾಡಿದ್ದ ಆ ಕೇಸು ನನಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಮಕ್ಕಳು ಬಾಯಿಬಿಟ್ಟುಕೊಂಡು ಕೇಳಿದರು. ಹುಡುಗಿ ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡು, "1903 ಅಲ್ವಾ ಅಂಕಲ್?" ಎಂದು ಖಚಿತಪಡಿಸಿಕೊಂಡಳು.

ಮುಂದಿನ ಹೆಜ್ಜೆ ಬೋರ್ಡು. ತಗಡಿನ ಮೇಲೆ ಹಳದಿ ಬಳಿದು ಕಪ್ಪಕ್ಷರದಲ್ಲಿ 'ಇಲ್ಲಿ ಕೂರಬಾರದು' ಎಂದು ಬರೆಸಿ ಕಲ್ಲಿನ ಪಕ್ಕ ನೆಡಿಸಿದೆ. ಅಲ್ಲಿಯವರೆಗೆ ಆ ಜಾಗಕ್ಕೆ ಹೆಸರಿರಲಿಲ್ಲ; ಬಂದವರು ಹುಡುಕಿಕೊಂಡು ಬರಬೇಕಿತ್ತು. ಬೋರ್ಡು ಬಿದ್ದದ್ದೇ ಅದೊಂದು ಗುರುತಾಯಿತು. "ಕೂರಬಾರದು ಹತ್ರ ಇದೀನಿ, ಬಾ" ಎಂದು ಫೋನಿನಲ್ಲಿ ಹೇಳುವುದು ಕೇಳಿಸತೊಡಗಿತು. ಆಟೋದವರು "ಕೂರಬಾರದು ಸ್ಟಾಪಾ?" ಎಂದು ಕೇಳಿಯೇ ಹತ್ತಿಸಿಕೊಳ್ಳುತ್ತಿದ್ದರು. ಅಕ್ಕಪಕ್ಕದ ಬೀದಿಯಲ್ಲಿ ಚದುರಿ ಕೂರುತ್ತಿದ್ದ ಮಕ್ಕಳೂ ವಿಳಾಸ ಸಿಕ್ಕಿತೆಂದು ಇಲ್ಲಿಗೇ ಬಂದು ಸೇರಿದರು. ಸಾಲದ್ದಕ್ಕೆ ಪಾನಿಪೂರಿಯವನೂ ಬಂದ. ನಮ್ಮ ಮನೆಗೆ ಬಂದ ಮದುವೆ ಪತ್ರಿಕೆಯೊಂದರ ಮೇಲೆ ನನ್ನ ಹೆಸರು, ಬಡಾವಣೆ, ಆಮೇಲೆ 'ಕೂರಬಾರದು ಎದುರು' ಎಂದಿತ್ತು.

ಆಗ ಖಜಾಂಚಿಗೊಂದು ಉಪಾಯ ಹೊಳೆಯಿತು. ಗ್ಯಾರೇಜಿನ ಸುಟ್ಟ ಆಯಿಲ್. ಕಾಂಪೌಂಡಿನ ಮೇಲೆ ಕೂರುವ ಹುಡುಗರಿಗೆ ಕರ್ನಾಟಕದ ಎಲ್ಲ ಊರಲ್ಲೂ ಕೊಡುವ ಮದ್ದು. ಬೆಳಗಿನ ಜಾವ, ಕಳ್ಳನ ಹಾಗೆ ಹೊರಗೆ ಬಂದು, ತೆಂಗಿನ ನಾರಿನಿಂದ ಚಪ್ಪಡಿಗೆ ಪೂರಾ ಬಳಿದೆ. ಕಲ್ಲಿಗೆ ಎಣ್ಣೆ ಹಚ್ಚುವಾಗ ಕೈ ತನ್ನಿಂತಾನೇ ನಮಸ್ಕಾರ ಮಾಡಲು ಹೋಯಿತು.

ಅವತ್ತು ಸಂಜೆ ಬರಬೇಕಾದ ಮಕ್ಕಳು ಬಂದರು, ನೋಡಿದರು, ಮೂಸಿದರು, ದೂರ ನಿಂತರು. ಒಳಗೆ ಕನ್ನಡಿಯ ಮುಂದೆ ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡು ನಾನು ವಿಜಯೋತ್ಸವದಲ್ಲಿದ್ದೆ. ಕುಣಿಗಲ್ಲಿನಿಂದ ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ, ಮಗಳ ಮದುವೆಗೆ ಕರೆಯಲು ಬರುವವರಿದ್ದರು. ಬಸ್ ಸ್ಟ್ಯಾಂಡಿನಿಂದ ನಡೆದು ಬಂದ ಭಾವನವರು, ಹಾಲಿನಂಥ ಜರಿಯಂಚಿನ ಪಂಚೆ ಉಟ್ಟವರು, ಬೆವರೊರೆಸಿಕೊಳ್ಳಲು ಮರದಡಿ ನಿಂತದ್ದು ಕಿಟಕಿಯಿಂದ ಕಂಡಿತು. ಆಮೇಲೆ ಮೊಣಕಾಲು ಬಗ್ಗಿದ್ದು ಕಂಡಿತು.

"ತಾತಾ, ಅಲ್ಲಿ ಕೂರಬೇಡಿ!" ಎಂದು ಮಕ್ಕಳು ಕೂಗಿದರು.

"ಭಾವಾ, ಕೂರಬಾರದು! ಕೂರಬಾರದು!" ಎಂದು ನಾನು ಅರ್ಧ ಸೋಪಿನಲ್ಲಿ, ಲುಂಗಿ ಒಂದು ಕೈಲಿ, ರೇಜರು ಇನ್ನೊಂದು ಕೈಲಿ ಹಿಡಿದು ಗೇಟಿನ ಹೊರಗೆ ಹಾರಿದೆ.

ಭಾವನವರು ಒಮ್ಮೆ ಮಕ್ಕಳನ್ನು ನೋಡಿದರು, ಒಮ್ಮೆ ಬೋರ್ಡು ಓದಿದರು, ಒಮ್ಮೆ ರೇಜರು ನೋಡಿದರು. ತಂಗಿಯ ಮನೆ ಮುಂದೆ, ಮದುವೆ ಪತ್ರಿಕೆ ಹಿಡಿದು ಬಂದ ಅಣ್ಣನಿಗೆ ಕೂರಬಾರದೆಂದು ಮೂರು ಕಡೆಯಿಂದ ಹೇಳಿಸಿಕೊಳ್ಳುವ ದುರ್ಗತಿ! "ಯಾಕಯ್ಯಾ ಕೂರಬಾರದು?" ಎಂದು ಅಬ್ಬರಿಸಿ, ಇಡೀ ಕುಣಿಗಲ್ ತಾಲ್ಲೂಕಿನ ಮರ್ಯಾದೆಯನ್ನೆಲ್ಲ ಒಟ್ಟುಗೂಡಿಸಿಕೊಂಡು, ಧಡ್ ಎಂದು ಕೂತರು. ಕೂತ ರಭಸಕ್ಕೆ ಅರ್ಧ ಅಡಿ ಜಾರಿದರು. ಎದ್ದಾಗ ಪಂಚೆಯ ಮೇಲೆ ಬಿದ್ದಿದ್ದ ಅಚ್ಚು ನಮ್ಮ ಜಿಲ್ಲೆಯ ನಕ್ಷೆಯನ್ನೇ ಹೋಲುತ್ತಿತ್ತು; ಪಾವಗಡ ಬೇರೆಯಾಗಿ ಸ್ವಲ್ಪ ದೂರದಲ್ಲಿತ್ತು.

"ಟಿಪ್ಪು ಕಾಲದ ಕುದುರೆ ಫಾರಂ ಐತೆ ನಮ್ಮೂರಲ್ಲಿ. ಅಲ್ಲಿ ಕುದುರೆಗಳಿಗೂ ಇದಕ್ಕಿಂತ ಚೆನ್ನಾಗಿ ಉಪಚಾರ ಮಾಡ್ತಾರೆ" ಎಂದಷ್ಟೇ ಹೇಳಿ, ನನ್ನ ಲುಂಗಿ ಉಟ್ಟುಕೊಂಡು, ಕಾಫಿ ಮುಟ್ಟದೆ ಹೊರಟರು. ಕುಣಿಗಲ್ ಬಸ್ಸಿಗೆ ಅವರನ್ನು ಹತ್ತಿಸಿ ಬಂದವರು ಅದೇ ಮಕ್ಕಳು. ನಾನು ಜೊತೆಗೆ ಹೋಗಲು ಅವರು ಒಪ್ಪಲಿಲ್ಲ.

ಅವತ್ತು ರಾತ್ರಿ ಊಟಕ್ಕೆ ಏನಿತ್ತು ಎಂದು ಕೇಳಬೇಡಿ.

ಮಾರನೆಯ ದಿನ ಪಿಜಿ ಮೇಡಂ ಮೊಬೈಲು ಹಿಡಿದು ಓಡಿಬಂದರು. ಎಲ್ಲವೂ ಅದರಲ್ಲಿತ್ತು. ನನ್ನ ಹಾರಾಟ, ಅರ್ಧ ಸೋಪು, ಹಿನ್ನೆಲೆಗೆ ತಮಟೆ, ತಾಳಕ್ಕೆ ಸರಿಯಾಗಿ 'ಕೂರಬಾರದು, ಕೂರ ಕೂರ ಕೂರಬಾರದು'. ಭಾವನವರು ಕೂರುವ ಕ್ಷಣವನ್ನು ನಿಧಾನಗತಿಯಲ್ಲಿ ಮೂರು ಸಲ ತೋರಿಸಿದ್ದರು. ಅವರ ಮುಖ ಮಸುಕು ಮಾಡಿದ್ದರು, ಹಿರಿಯರ ಮೇಲಿನ ಗೌರವದಿಂದ. ನನ್ನದು ಮಸುಕು ಮಾಡಿರಲಿಲ್ಲ. ಕೆಳಗೆ ಶೀರ್ಷಿಕೆ: 'ಕೂರಬಾರದು ತಾತ'. ಅಂಕಲ್ ಆಗಿದ್ದವನು ಒಂದೇ ರಾತ್ರಿಯಲ್ಲಿ ತಾತನಾಗಿದ್ದೆ.

ಇದನ್ನು ಮಾಡಿದವಳು ಎರಡು ಜಡೆಯವಳೇ ಎಂದು ಖಜಾಂಚಿ ಪತ್ತೆಹಚ್ಚಿದ. ಅವಳ ತಂದೆಗೇ ದೂರು ಕೊಡುವುದೆಂದು ನಿಶ್ಚಯಿಸಿ ಇಸ್ತ್ರಿ ಅಂಗಿ ಹಾಕಿಕೊಂಡು ಗುಬ್ಬಿ ಬಸ್ಸು ಹತ್ತಿದೆ. ಇಪ್ಪತ್ತು ಕಿಲೋಮೀಟರಿನ ದಾರಿ. 2023ರ ಜೂನಿನಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಗಂಡಸಿಗೆ ಸೀಟು ಸಿಗುವುದು ಪೂರ್ವಜನ್ಮದ ಪುಣ್ಯದ ಲೆಕ್ಕ. ಅವತ್ತು ಹಿಂದಿನ ಸಾಲಿನಲ್ಲಿ ಒಂದು ಖಾಲಿ ಕಂಡಿತು. ಬಗ್ಗುವಷ್ಟರಲ್ಲಿ ಕಂಡಕ್ಟರ್ ನನ್ನ ಮುಖವನ್ನೇ ದಿಟ್ಟಿಸಿದ. "ಸಾರ್, ಸೀಟೇನೋ ಐತೆ. ಆದ್ರೆ ತಾವು... ಕೂರಬಾರದು ಅಲ್ವಾ?" ಬಸ್ಸಿಗೆ ಬಸ್ಸೇ ನಕ್ಕಿತು. ಗುಬ್ಬಿ ಮುಟ್ಟುವವರೆಗೆ ನಿಂತೇ ಇದ್ದೆ.

ಗುಬ್ಬಿ ನನ್ನದೇ ಊರು. ಹೈಸ್ಕೂಲು ಓದಿದ್ದು ಅಲ್ಲೇ. 1884ರಲ್ಲಿ ಹುಟ್ಟಿದ ನಾಟಕ ಕಂಪನಿಯಿಂದ, ಸದಾರಮೆಯ ಕಳ್ಳನ ಪಾತ್ರದಲ್ಲಿ ನಾಡನ್ನೆಲ್ಲ ನಗಿಸಿದ ವೀರಣ್ಣನವರಿಂದ ಹೆಸರಾದ ಊರಿಗೆ ಬಹಳ ದಿನದ ಮೇಲೆ ಕಾಲಿಟ್ಟವನನ್ನು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಾತ ಗುರುತು ಹಿಡಿದು ಎದ್ದುನಿಂತ. ಊರಿನ ಮಗ ಎಂದು ಅಭಿಮಾನವಿರಬೇಕೆಂದು ಉಬ್ಬಿದೆ. ಅವನು ಪಕ್ಕದವನಿಗೆ ತಮಟೆಯ ತಾಳ ಹಾಕಿ ತೋರಿಸಿದ.

ಹುಡುಗಿಯ ತಂದೆ ತೆಂಗಿನಕಾಯಿ ವ್ಯಾಪಾರಿ. ಜಗಲಿಯ ಮೇಲೆ ಚಾಪೆ ಹಾಸಿ ನನ್ನನ್ನು ಕೂರಿಸಿದರು, ಎಳನೀರು ಕೊಟ್ಟರು, ಬೀದಿಯವರನ್ನೆಲ್ಲ ಕರೆದರು. ನಾನು ದೂರಿನ ಪೀಠಿಕೆ ಹಾಕುವ ಮೊದಲೇ ನಾಲ್ಕು ಜನ ನನ್ನ ಪಕ್ಕ ಕೂತು ಫೋಟೋ ತೆಗೆಸಿಕೊಂಡಾಗಿತ್ತು.

"ನಿಮ್ಮ ಮಗಳು..." ಎಂದೆ.

"ಅವಳಿಗೆ ಬುದ್ಧಿ ಕಮ್ಮಿಯೇನೋ ಅನ್ಕಂಡಿದ್ದೆ ಸಾ. ನಿಮ್ಮ ವಿಡಿಯೋ ನೋಡಿದ ಮೇಲೆ ಧೈರ್ಯ ಬಂತು" ಎಂದು ಕೈಮುಗಿದರು.

ಆದರೂ ಬಿಡದೆ, ಶಾಲೆ ಬಿಟ್ಟ ಮೇಲೆ ಮಕ್ಕಳು ರಸ್ತೆಯಲ್ಲಿ ಕೂರುವುದು ಸರಿಯೇ ಎಂದು ಕೇಳಿದೆ. "ಮತ್ತೆಲ್ಲಿ ಕೂರ್ಬೇಕು ಹೇಳಿ?" ಎಂದರು. ಪಾರ್ಕು ಎಂದೆ. ನಮ್ಮ ಪಾರ್ಕಿನ ಗೇಟು ತೆಗೆಯುವುದು ವಾಕಿಂಗಿನವರ ಹೊತ್ತಿಗೆ, ನಾಲ್ಕೂಕಾಲಿಗೆ ಬೀಗ. ಅಮಾನಿಕೆರೆ ಎಂದೆ. ಹೋಗಿ ಬರುವಷ್ಟರಲ್ಲಿ ಟ್ಯೂಷನ್ ಅರ್ಧ ಮುಗಿದಿರುತ್ತದೆ. ಲೈಬ್ರರಿ ಎಂದೆ. ಅಲ್ಲಿ ಉಸಿರು ಬಿಟ್ಟರೂ ಶ್‌ ಅಂತಾರೆ. ಹೋಟೆಲು ಎಂದು ಬಾಯಿತಪ್ಪಿ ಅಂದೆ. "ಒಂದು ಕಾಫಿ ಹೇಳಿ ಗಂಟೆಗಟ್ಟಲೆ ಕೂರಕ್ಕೆ ಅವರೇನು ರಿಟೈರಾಗವ್ರಾ ಸಾ?" ಎಂದರು. ದಿನಾ ಬೆಳಿಗ್ಗೆ ನಾನು ಯಾವ ಹೋಟೆಲಿನಲ್ಲಿ ಕೂರುತ್ತೇನೆಂಬುದು ಇವರಿಗೆ ಹೇಗೆ ಗೊತ್ತಾಯಿತೋ.

ಗುಂಪಿನಲ್ಲಿ ನನ್ನ ಹಳೆಯ ಸಹಪಾಠಿಯೊಬ್ಬ ಇದ್ದ. ನನಗೊಂದು ಆಸೆ ಹುಟ್ಟಿತು. ನಮ್ಮ ಕಾಲದ ಪುಂಡಾಟಗಳನ್ನು ಇವನ ಬಾಯಿಂದ ಹೇಳಿಸಿದರೆ, ನಾನೂ ಒಂದು ಕಾಲದಲ್ಲಿ ಪೋಲಿಯಾಗಿದ್ದೆ ಎಂದಾದರೂ ಈ ಜನ ನನ್ನನ್ನು ತಮ್ಮವನೆಂದುಕೊಂಡಾರು. "ಹೇಳಪ್ಪಾ, ನಾನು ಹೈಸ್ಕೂಲಲ್ಲಿ ಹೇಗಿದ್ದೆ?" ಎಂದೆ. ಅವನು ಬಹಳ ಹೊತ್ತು ಯೋಚಿಸಿದ. ಆಮೇಲೆ ಕೇಳಿದ: "ನೀನು ನಮ್ಮ ಕ್ಲಾಸೇನಾ?"

ಕುಣಿಗಲ್ಲಿನ ಮದುವೆಯನ್ನು ಬೇಗ ಮುಗಿಸುತ್ತೇನೆ, ಅಲ್ಲಿಯೂ ನನ್ನನ್ನು ಬೇಗ ಮುಗಿಸಿದರು. ಛತ್ರದ ಬಾಗಿಲಲ್ಲೇ ಬೀಗರ ಕಡೆಯ ಹುಡುಗರು ಕುರ್ಚಿ ಮೇಲೆ ಹಳೆಯ ಪೇಪರು ಹಾಸಿ "ಈಗ ಕೂರಬಹುದು" ಎಂದರು. ಭಾವನವರು ಅಕ್ಷತೆ ಹಾಕುವಾಗ ಒಮ್ಮೆ ನನ್ನ ಕಡೆ ನೋಡಿದರು. ಹಿಡಿ ಸ್ವಲ್ಪ ದೊಡ್ಡದಿತ್ತು, ರಭಸವೂ ಇತ್ತು. ನನ್ನ ಲುಂಗಿ ಇವತ್ತಿಗೂ ವಾಪಸು ಬಂದಿಲ್ಲ.

ಈ ಮಧ್ಯೆ ಬಡಾವಣೆಯ ಮಾನ ಹರಾಜಾಯಿತೆಂದು ತಹಶೀಲ್ದಾರರು ಕಲ್ಲನ್ನೇ ಕಿತ್ತುಹಾಕಿಸಬೇಕೆಂದು ಅರ್ಜಿ ಗುಜರಾಯಿಸಿದ್ದರು. ಅಧ್ಯಕ್ಷನ ಸಹಿ ನನ್ನದೇ. ಸಂಬಂಧಪಟ್ಟ ಇಂಜಿನಿಯರು ಒಂದು ಬೆಳಿಗ್ಗೆ ಬಂದೇಬಿಟ್ಟರು. ಅವರ ಹತ್ತಿರ ರವಿಕೆ ಟೇಪಲ್ಲ, ಉಕ್ಕಿನ ಟೇಪು ಇತ್ತು. ಕಲ್ಲನ್ನು ಅಳೆದರು. "ಚರಂಡಿ ಮೇಲಿದೆ. ಒತ್ತುವರಿ" ಎಂದರು. ಸಮಿತಿ ಚಪ್ಪಾಳೆ ತಟ್ಟಿತು. ಅವರು ಟೇಪು ಮಡಿಸಲಿಲ್ಲ; ಹಾಗೇ ಮುಂದುವರಿದರು. ತಹಶೀಲ್ದಾರರ ಕಾರು ಏರುವ ಇಳಿಜಾರು, ಚರಂಡಿ ಮೇಲೆ. ಅವರ ಕಬ್ಬಿಣದ ಜಾಲರಿಯೊಳಗಿನ ಗುಲಾಬಿ ತೋಟ, ಚರಂಡಿ ಮೇಲೆ. ಪಿಜಿಯ ಚಪ್ಪಲಿ ಗೂಡು, ಜೆರಾಕ್ಸ್ ಅಂಗಡಿಯ ಮೆಟ್ಟಿಲು, ನಮ್ಮ ಮನೆಯ ತುಳಸಿ ಕಟ್ಟೆ, ಎಲ್ಲ ಚರಂಡಿ ಮೇಲೆ. ಇಡೀ ರಸ್ತೆಯಲ್ಲಿ ಚರಂಡಿಯ ಮೇಲಿಲ್ಲದ್ದು ಆ ಪೆಟ್ಟಿಗೆ ಅಂಗಡಿ ಒಂದೇ.

"ಅರ್ಜಿ ಕೊಟ್ಟಿದ್ದೀರಿ, ಕ್ರಮ ತಗೋಬೇಕಾಗುತ್ತೆ. ಒಂದು ತೆಗೆದರೆ ಎಲ್ಲಾ ತೆಗೀಬೇಕು" ಎಂದರು ಇಂಜಿನಿಯರು, ಚೂರೂ ದನಿಯೇರಿಸದೆ.

ಅಲ್ಲೇ, ನಿಂತ ನಿಲುವಿನಲ್ಲೇ ತುರ್ತು ಸಭೆ ನಡೆಯಿತು. ವಿದ್ಯಾರ್ಥಿಗಳು ಕೂರುವುದರಿಂದ ರಸ್ತೆಗೆ ಕಳೆ ಬಂದಿದೆ, ಕಳ್ಳಕಾಕರ ಭಯ ತಪ್ಪಿದೆ, ಆದ್ದರಿಂದ ಕಲ್ಲು ಇರತಕ್ಕದ್ದು ಎಂದು ತಹಶೀಲ್ದಾರರು ಸೂಚಿಸಿದರು, ಮೇಡಂ ಅನುಮೋದಿಸಿದರು. ಇಂಜಿನಿಯರು ತಲೆ ಕೆರೆದುಕೊಂಡರು. "ನೀವು ಹೇಳಿದ್ರೆ ಆಗಲ್ಲ, ನೀವೇ ಅರ್ಜಿದಾರರು. ಕಲ್ಲನ್ನ ದಿನಾ ಉಪಯೋಗಿಸೋರು, ಇದರಿಂದ ಸಾರ್ವಜನಿಕರಿಗೆ ಅನುಕೂಲ ಇದೆ ಅಂತ ಬರೆದು ಸಹಿ ಹಾಕಿಕೊಟ್ರೆ ಮೇಲಿನವರಿಗೆ ಕಳಿಸಿ ನೋಡ್ತೀನಿ."

ಮಧ್ಯಾಹ್ನವೆಲ್ಲ ಕೂತು ಬರೆದೆ. 'ಜ್ಞಾನದಾಹಿಗಳಾದ ನಾವು' ಎಂದು ಶುರುವಾಗಿ 'ಈ ಪವಿತ್ರ ಶಿಲೆಯು' ಎಂದು ಮುಗಿಯುವ ಮನವಿ. ನಾಲ್ಕೂಕಾಲಿಗೆ ಬೋರ್ಡು ಕಿತ್ತು, ಸೀಮೆಎಣ್ಣೆ ಹಾಕಿ ಕಲ್ಲು ಉಜ್ಜಿ, ಗೇಟಿನಲ್ಲಿ ಕಾದು ನಿಂತೆ. ಮಕ್ಕಳು ಬಂದರು. "ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದೆ. ಹೆದರಿ ಎರಡು ಹೆಜ್ಜೆ ಹಿಂದೆ ಸರಿದರು. ನಾನೇ ಮೊದಲು ಕೂತು ತೋರಿಸಿದ ಮೇಲೆ ಕೂತರು. ಎಲ್ಲರಿಗೂ ಒಂದೊಂದು ಪ್ಲೇಟು ಗೋಬಿ ಹೇಳಿದೆ. ತಿಂದರು. ಚೆನ್ನಾಗಿಯೇ ತಿಂದರು. ಕೊನೆಯ ಈರುಳ್ಳಿ ಚೂರು ಖಾಲಿಯಾದ ಮೇಲೆ ಕಾಗದ, ಪೆನ್ನು ಮುಂದಿಟ್ಟೆ.

ಎರಡು ಜಡೆಯವಳು ಮನವಿಯನ್ನು ಪೂರ್ತಿ ಓದಿ, ಎರಡು ಕಡೆ ಕಾಗುಣಿತ ತಿದ್ದಿ, ಪೆನ್ನಿಗೆ ಮುಚ್ಚಳ ಹಾಕಿ ಹಿಂದಕ್ಕೆ ಕೊಟ್ಟಳು.

"ನಾವು ಮೈನರ್ಸ್ ಅಂಕಲ್. ನಮ್ಮ ಸಹಿ ನಡೆಯಲ್ಲ. 1903, ಮೊಹೋರಿ ಬೀಬಿ."

ಬಾಯಿಗೆ ಮಾತು ಬರಲಿಲ್ಲ. ಅಷ್ಟರಲ್ಲಿ ಗೋಬಿ ಗಾಡಿಯವನು ಕೈ ಒರೆಸಿಕೊಳ್ಳುತ್ತಾ ಪಕ್ಕಕ್ಕೆ ಬಂದ. "ಹನ್ನೊಂದು ಪ್ಲೇಟು ಆಯ್ತು ಸಾರ್. ಅವತ್ತು ನೀವು ಆಯಿಲ್ ಹಚ್ಚಿದ ದಿನ ವ್ಯಾಪಾರ ಲಾಸಾಯ್ತಲ್ಲ, ಅದನ್ನೂ ಸೇರಿಸಿದೀನಿ. ಮಕ್ಕಳದ್ದಕ್ಕೆ ದೊಡ್ಡೋರೇ ಕಟ್ಬೇಕು ಅಂತ ನೀವೇ ಅಂದಿದ್ರಿ, ಅದ್ಯಾವುದೋ ನೂರಾ ತೊಂಬತ್ತೊಂಬತ್ತು..."

"ಎ" ಎಂದರು ಮಕ್ಕಳು.